ಖಾಲಿ ಬಿಟ್ಟ ಪೆಟ್ಟು

ಗೋವಾ, ಸೋಮವಾರ

ಅಪ್ಪಾರಿಗೆ ಶಿವಾನಿಯ ಶರಣು.

ನಾ ಫೋನ್ ಮಾಡಿದ್ರ ನೀವು ಎತ್ತೂದಿಲ್ಲ, ಅದಕ್ಕ ಬರಿಯಾಕ ಹತ್ತೇನಿ. ಆ ಅಮೇರಿಕದವರನ್ನ ಬಿಟ್ಟು ಸುಮ್ಮನ ಊರಿಗೆ, ಹೂಲಿಗೆ ಬಾ ಅಂತ ಅವ್ವನ ಕೈಲೆ ಹೇಳಿಸಿದ್ರಿ. ಬರೂದಿಲ್ಲ. ಈ ರೆಗೇ ಹಾಡಿನ ಬ್ಯಾಂಡಿನವರು ಗೋವಾ ಮುಗಿಸಿ ಪುಣೆ, ಆಮ್ಯಾಲೆ ಹೈದರಾಬಾದಿಗೆ ಹೊಂಟಾರ. ನಾನೂ ಹೊಂಟೇನಿ. ಅವರ ಹೊಸಾ ರೆಕಾರ್ಡಿನಾಗ ನಮ್ಮ ಕರಡಿ ವಾದ್ಯ ನುಡದೈತಿ, ಬಾರಿಸಿದಾಕಿ ನಾನು.

ಬಸವ ಜಯಂತಿ ಮೆರವಣಿಗ್ಯಾಗ ನಾ ಮೊದಲನೇ ಪೆಟ್ಟು ಬಿಟ್ಟು ಬಾರಿಸಿದ್ದಕ್ಕ, ತಾಳ ತಪ್ಪಿದಿ ಅಂತ ಮಂದಿ ಮುಂದ ನನ್ನ ಕೊಳ್ಳಾಗಿನ ಕರಡಿ ಇಳಿಸಿದ್ರಿ. ತಪ್ಪಿರಲಿಲ್ರಿ, ಇವರ ಹಾಡು ಕೇಳಿ ಬೇಕಂತ ಬಿಟ್ಟಿದ್ದೆ. ಈ ಮಂದಿ ಹಾಡು ಕಟ್ಟೂದಽ ಹಂಗ. ಮೊದಲನೇ ಪೆಟ್ಟು ಖಾಲಿ ಬಿಡತಾರ, ಕುಣಿಯಾವ್ರ ಕಾಲು ಆ ಜಾಗಾ ತುಂಬತಾವ.

ಒಂದು ಕೆಲಸ ಮಾಡ್ರಿ. ಸಮುದ್ರದ ಗಾಳಿಗೆ ನಾ ತಂದ ಕರಡಿಯ ಎಡಗಡೆ ತೊಗಲು ಸಡಲಾಗೇತಿ. ನೀವು ಹದಾ ಮಾಡಿದ್ದು ಒಂದು ತೊಗಲು, ಇಲ್ಲಿಗೆ ಕಾಯಿಪಲ್ಲೆ ಗಾಡಿ ತರೂ ಮಾಂತೇಶಣ್ಣನ ಕೈಯಾಗ ಕೊಟ್ಟು ಕಳಸ್ರಿ. ಬ್ಯಾರೆಯವರು ಮಾಡಿದ್ದು ನನಗ ನಡೆಯೂದಿಲ್ಲ.

ಬರೂ ಬಸವ ಜಯಂತಿಗೆ ಊರಿಗೆ ಬರತೇನಿ. ನಿಮ್ಮ ಕರಡಿ ಮ್ಯಾಳದವರು ಏನರ ಅನ್ಲಿ, ಕರಡಿ ಕೊಳ್ಳಾಗ ಹಾಕ್ಕೊಂಡು ನಿಮ್ಮ ಮಗ್ಗಲದಾಗಽ ನಿಂದರತೇನಿ. ಮೊದಲನೇ ಪೆಟ್ಟು ಮತ್ತ ಬಿಡತೇನಿ. ತಡಕೊಳ್ಳಾಕ ಆಗದಿದ್ರ ಅದನ್ನ ನೀವು ಬಾರಸ್ರಿ.

ನಿಮ್ಮ ಮಗಳು,
ಶಿವಾನಿ