ಜಟ್ಟಿಗಿಂತ ಎರಡು ಕಿಲೋ ಕಡಿಮೆ

ಜೂನ್ 3, ಮಂಗಳವಾರ

ಬೆಳಿಗ್ಗೆ ನಾಯಿಮರಿ ಚೋಟನಿಗೆ ತಿನ್ನಿಸಿ, ಹೆಗಲ ಮೇಲೆ ಹಾಕಿಕೊಂಡು ಆಫೀಸಿಗೆ ಹೋದೆ. ಎದುರು ಬೀದಿಯೇ. ಪಾರ್ಸೆಲ್ ತೂಗುವ ಯಂತ್ರದ ಮೇಲೆ ನಿಲ್ಲಿಸಿದೆ. ಮ್ಯಾನೇಜರ್ ಕನ್ನಡಕದ ಮೇಲಿಂದ ನೋಡಿ, "ಎಲ್ಲಿಗೆ ಬುಕ್ ಮಾಡ್ಬೇಕಮ್ಮ? ಒಡೆಯೋ ಸಾಮಾನು ಅಂತ ಚೀಟಿ ಅಂಟಿಸ್ಲಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹತ್ತು ಕಿಲೋ. ಮೇಲಿನ ಮನೆಯ ಜಟ್ಟಿ ಹನ್ನೆರಡು. ನಿನ್ನೆ ಅದನ್ನು ತೂಗಿದ್ದೂ ನಾನೇ. "ಅಕ್ಕ, ಇವ್ನನ್ನೂ ಒಂಚೂರು ತೂಗಿಸ್ಕೊಂಡು ಬನ್ನಿ" ಅಂತ ಓರಗಿತ್ತಿ ಕೈಗೆ ಕೊಟ್ಟಿದ್ದಳು.

ಒಂದೇ ತಾಯಿಯ ಮರಿಗಳು, ಒಂದೇ ದಿನ ಮನೆಗೆ ಬಂದವು. ಮೈದುನ ಮೊದಲು ಹೋಗಿ ಆರಿಸಿಕೊಂಡ. ನಮಗೆ ಉಳಿದದ್ದು ಬಂತು. ಯಾವಾಗಲೂ ಹೀಗೇ.

ಜೂನ್ 5, ಗುರುವಾರ

ಡಾಕ್ಟರಮ್ಮನ ಹತ್ತಿರ ಸೂಜಿ ಹಾಕಿಸಿದೆ. ಏನು ತಿನ್ನಿಸಲಿ ಅಂತ ಕೇಳಿದೆ. "ದೊಡ್ಡ ಜಾತಿ ಮರಿಗಳಿಗೆ ಅಂತ ಬರೆದಿರ್ಬೇಕು, ಅಷ್ಟೇ. ಚೀಲದ ಹಿಂದೆ ಓದಿ, ಮುಂದಿನ ಫೋಟೋ ನೋಡ್ಬೇಡಿ. ಕ್ಯಾಲ್ಸಿಯಂ ಅದ್ರಲ್ಲೇ ಲೆಕ್ಕವಾಗಿ ಇರುತ್ತೆ, ಮೇಲಿಂದ ಒಂದು ಚಿಟಿಕೆನೂ ಹಾಕ್ಕೂಡ್ದು. ಇವು ಬೇಗ ಬೆಳೀಬಾರ್ದು. ಎಲುಬು ಎಳೇದು, ಮೈ ಭಾರ."

ಅಂಗಡಿಯಲ್ಲಿ ಮುಕ್ಕಾಲು ಗಂಟೆ ನಿಂತು ನಾಯಿಕಾಳಿನ ಚೀಲಗಳ ಬೆನ್ನು ಓದಿದೆ. ಮೂಲೆಯಲ್ಲಿ ಒಂದು ಸಾದಾ ಹಳದಿ ಚೀಲ. ಬೇಕಾದದ್ದೆಲ್ಲ ಇತ್ತು, ಬೆಲೆ ಅರ್ಧ. ಏನೋ ಗೆದ್ದ ಹಾಗೆ ಹೊತ್ತು ತಂದೆ.

ಮನೆಗೆ ಬಂದರೆ ಮೆಟ್ಟಿಲ ಮೇಲೆ ಕಪ್ಪು ಚೀಲ. ಮಿರಿಮಿರಿ ಮಿಂಚುತ್ತಿದೆ, ಮುಂದೆ ಕುದುರೆಯಂಥ ನಾಯಿಯ ಚಿತ್ರ. ಮೈದುನ ತಂದದ್ದು. ಮಾವ ಅದರ ಮೇಲೆ ಕೈಯಾಡಿಸುತ್ತಾ, "ಇದು ನೋಡು ಸಾಮಾನು ಅಂದ್ರೆ" ಅಂದರು. ನನ್ನ ಹಳದಿ ಚೀಲವನ್ನು ಬಾಗಿಲ ಹಿಂದೆ ಇಟ್ಟೆ.

ಜೂನ್ 14, ಶನಿವಾರ

ಇವರು ಕೆಲಸದಿಂದ ಬಂದವರು ಶೂ ಬಿಚ್ಚದೆ ಮೇಲೆ ಹೋದರು. "ಜಟ್ಟಿ ಕಾಲು ನೋಡಿದ್ಯಾ? ಏನ್ ದಪ್ಪ!" ಚೋಟ ಬಾಗಿಲಲ್ಲೇ ಬಾಲ ಆಡಿಸುತ್ತಾ ನಿಂತಿತ್ತು. ಇವರ ಕಣ್ಣಿಗೆ ಬೀಳಲಿಲ್ಲ.

ಈ ಮನೆಗೆ ಬಂದು ನನಗೆ ಒಂಬತ್ತು ವರ್ಷ. ಓರಗಿತ್ತಿಗೆ ಎರಡು. ಮಾವನಿಗೆ ಅವಳ ಕೈಯ ಟೀ, ಮೈದುನನಿಗೆ ಅವಳ ಮಾತು, ಇವರಿಗೆ ಅವಳ ನಾಯಿ. ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು. ನನ್ನ ರವಿಕೆಯ ಗುಂಡಿ ಹೊಲಿದುಕೊಡುತ್ತಾಳೆ...

ಜೂನ್ 16, ಸೋಮವಾರ

ಔಷಧಿ ಅಂಗಡಿಯಿಂದ ಕ್ಯಾಲ್ಸಿಯಂ ಪುಡಿ ತಂದೆ. ಚೋಟನ ಊಟಕ್ಕೆ ಒಂದೇ ಚಮಚ. ಜೊತೆಗೆ ಒಂದು ಮೊಟ್ಟೆ. ಡಬ್ಬವನ್ನು ಇಸ್ತ್ರಿ ಬಟ್ಟೆಗಳ ಹಿಂದೆ ಇಟ್ಟಿದ್ದೇನೆ.

ಡಾಕ್ಟರಮ್ಮ ಹೇಳಿದ್ದು ನೆನಪಿದೆ. ಆದರೆ ಅವರು ಈ ಮನೆಯಲ್ಲಿ ಇಲ್ಲವಲ್ಲ.

ಜೂನ್ 29, ಭಾನುವಾರ

ಹದಿನಾರೂವರೆ! ಜಟ್ಟಿ ಹದಿನಾರು. ಈಗ ಎರಡು ಚಮಚ, ಎರಡು ಮೊಟ್ಟೆ, ಕಾಳು ಒಂದೂವರೆ ಪಾಲು.

ಮಾವ ಚೋಟನ ಬೆನ್ನು ತಟ್ಟಿ, "ಅರೆ, ಇವ್ನು ಯಾವಾಗ ಇಷ್ಟು ದೊಡ್ಡೋನಾದ?" ಅಂದರು. ಓರಗಿತ್ತಿ ಕೈಚಪ್ಪಾಳೆ ತಟ್ಟಿದಳು. "ಅಕ್ಕನ ಕೈಗುಣ, ಮಾವ." ಅವಳು ಹೊಟ್ಟೆ ಉರಿಸಿಕೊಳ್ಳಬಾರದಾ ಒಂದು ಸಲವಾದರೂ! ಗೆದ್ದರೂ ಗೆದ್ದ ಹಾಗೆ ಅನ್ನಿಸಲಿಲ್ಲ.

ಜುಲೈ 12, ಶನಿವಾರ

ಬರೆಯಲು ಆಗಿರಲಿಲ್ಲ. ನಾಲ್ಕು ದಿನದಿಂದ ಚೋಟ ಮುಂದಿನ ಎಡಗಾಲು ಊರುತ್ತಿಲ್ಲ. ಮುಟ್ಟಿದರೆ ಕುಂಯ್‌ಗುಡುತ್ತದೆ. ಉಳುಕಿರಬೇಕು ಅಂದುಕೊಂಡೆ. ಸುಳ್ಳು. ಹಾಗೇನೂ ಅಂದುಕೊಳ್ಳಲಿಲ್ಲ.

ಇವತ್ತು ಎಲ್ಲರ ಎದುರು ಇವರು ಹಾರಾಡಿದರು. "ಅಗ್ಗದ್ದು ತಂದು ತಿನ್ನಿಸಿದ್ಯಲ್ಲ, ಅದ್ರದ್ದೇ ಇದೆಲ್ಲ! ಮೇಲಿಂದು ನೋಡು, ಹೇಗಿದೆ!"

ನಾನು ತಲೆ ತಗ್ಗಿಸಿದೆ. ಚೀಲದ ಮೇಲೆ ತಪ್ಪು ಬಿದ್ದರೆ ಬೀಳಲಿ. ನಾನು ಉಳಿಯುತ್ತೇನೆ.

ಆಗ ಓರಗಿತ್ತಿ, "ಭಾವ, ಜಟ್ಟಿನೂ ಅದೇ ಹಳದಿ ಚೀಲದ್ದು ತಿನ್ನೋದು" ಅಂದಳು. ಮೈದುನ ಅವಳ ಮುಖ ನೋಡಿದ. "ಒಂದು ತಿಂಗ್ಳಾಯ್ತು. ಡಾಕ್ಟರಮ್ಮ ಅದೇ ಸಾಕು ಅಂದ್ರು. ನೀವು ಆ ಕಪ್ಪು ಚೀಲನ ಎಲ್ರಿಗೂ ತೋರಿಸ್ಕೊಂಡು ಬಂದಿದ್ರಲ್ಲ, ಹೇಗೆ ಹೇಳ್ಲಿ? ಹಳದಿ ಚೀಲದ ಕಾಳನ್ನ ಅದರೊಳಕ್ಕೇ ಸುರೀತಿದ್ದೆ."

ಮಾವ ಗಂಟಲು ಸರಿಮಾಡಿಕೊಂಡರು. ಹಾಗಾದರೆ ಇಷ್ಟು ದಿನ ನಾನು ಹೊಟ್ಟೆ ಉರಿಸಿಕೊಂಡದ್ದು... ಅವಳಿಗೆ ನನ್ನ ಮಾನ ಉಳಿಸಿದೆ ಅಂತ ಸಂತೋಷ. ಪಾಪ, ಉಳಿದಿದ್ದ ಒಂದೇ ಮರೆಯನ್ನು ಎಳೆದು ಹಾಕಿದಳು.

ಜುಲೈ 14, ಸೋಮವಾರ

ರಜೆ ಹಾಕಿದೆ. ಆಟೋದಲ್ಲಿ ಅವಳೂ ಬಂದಳು. ಚೋಟನ ತಲೆ ಅವಳ ತೊಡೆಯ ಮೇಲೆ, ಕಾಲು ನನ್ನ ಕೈಯಲ್ಲಿ.

ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಕಾಳು ಬಿಟ್ಟು ಬೇರೆ ಏನಾದ್ರೂ ಕೊಡ್ತಿದ್ದೀರಾ?"

"ಇಲ್ಲ."

"ಹಾಗಿದ್ರೆ ರಕ್ತ ತೆಗೀಬೇಕು. ಆಮೇಲೆ ಮತ್ತು ಬರೋ ಇಂಜೆಕ್ಷನ್ ಕೊಟ್ಟು ಇನ್ನೊಂದಿಷ್ಟು ಪರೀಕ್ಷೆ ಮಾಡ್ಬೇಕಾಗುತ್ತೆ." ಸೂಜಿ ಬಿಚ್ಚಿದರು. ಚೋಟ ನನ್ನ ಬೆರಳು ನೆಕ್ಕಿತು.

"ಕೊಟ್ಟಿದ್ದೀನಿ" ಅಂದೆ. ಎಲ್ಲ ಹೇಳಿದೆ. ಪುಡಿ, ಮೊಟ್ಟೆ, ಎಷ್ಟು ಚಮಚ, ಯಾವತ್ತಿನಿಂದ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇವತ್ತಿಂದ ಬಂದ್. ಮೈ ಇಳೀಬೇಕು. ಓಡಾಟ ಇಲ್ಲ, ಮೆಟ್ಟಿಲು ಇಲ್ಲವೇ ಇಲ್ಲ. ಎಳೇದು, ಸರಿಹೋಗ್ಬಹುದು." ಬಹುದು ಅಂದರು. ಹೋಗುತ್ತೆ ಅನ್ನಲಿಲ್ಲ.

ವಾಪಸ್ ಬರುವಾಗ ಅರ್ಧ ದಾರಿ ಓರಗಿತ್ತಿ ಚೋಟನ ಕಿವಿ ಸವರುತ್ತಿದ್ದಳು. ಆಮೇಲೆ, "ಅಕ್ಕ, ನನ್ ಮೇಲಿನ ಕೋಪಕ್ಕೆ ಹೀಗೆ ಮಾಡಿದ್ರಾ?"

"ಕೋಪ ಅಲ್ಲ."

"ಮತ್ತೆ?"

"ಹೊಟ್ಟೆಕಿಚ್ಚು."

ಆಟೋ ಚಾಲಕ ಕನ್ನಡಿಯಲ್ಲಿ ನೋಡಿದ. ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ನಾಯಿಗೋಸ್ಕರನಾ?" ಅಂದಳು.

"ಬರೀ ನಾಯಿಗಲ್ಲ" ಅಂದೆ.

ಮನೆಯಲ್ಲಿ ಇವರಿಗೆ ನಾನೇ ಹೇಳಿದೆ. ಇವರು ತಟ್ಟೆ ಸರಿಸಿ ಎದ್ದು ಹೋದರು.

ಆಗಸ್ಟ್ 2, ಶನಿವಾರ

ಕುಂಟು ಕಡಿಮೆ. ಕಾಲು ನೆಲಕ್ಕೆ ಊರುತ್ತದೆ. ತೂಕ ಬೇಕಂತಲೇ ಕಡಿಮೆ ಇಟ್ಟಿದ್ದೇವೆ.

ನಾನು ಆಫೀಸಿಗೆ ಹೋದರೆ ಹಗಲೆಲ್ಲ ಓರಗಿತ್ತಿ ಕೆಳಗೆ ಬಂದು ಕೂರುತ್ತಾಳೆ, ಚೋಟ ಓಡಾಡದ ಹಾಗೆ. ನಾನು ಕೇಳಲಿಲ್ಲ. ತಾನೇ ಬಂದಳು. ಸಂಜೆ ಬಾಗಿಲು ತೆರೆದರೆ ಅವಳ ಪಾದದ ಮೇಲೆ ಗದ್ದ ಇಟ್ಟು ಮಲಗಿರುತ್ತದೆ. ನನ್ನನ್ನು ನೋಡಿ ಬಾಲ ಒಂದು ಸಲ ಬಡಿಯುತ್ತದೆ. ಒಂದೇ ಸಲ. ಏಳುವುದಿಲ್ಲ.

ಎಣಿಸಬಾರದು. ಎಣಿಸುತ್ತೇನೆ.

ಆಗಸ್ಟ್ 10, ಭಾನುವಾರ, ಬೆಳಿಗ್ಗೆ 11

ಓರಗಿತ್ತಿಗೆ ಜ್ವರ. ಎರಡು ದಿನದಿಂದ ಕೆಳಗೆ ಬಂದಿಲ್ಲ. ಚೋಟ ಮೆಟ್ಟಿಲ ಬುಡದಲ್ಲೇ ಕೂತಿದೆ. ಕಾಳು ನೆನೆಸಿ ಕೊಟ್ಟೆ, ಮುಟ್ಟಲಿಲ್ಲ. ಕೈಯಲ್ಲಿ ಹಿಡಿದೆ. ಮೂಸಿ ಮುಖ ತಿರುಗಿಸಿತು. ಈ ಕೈಯಿಂದ ತಿಂದೇ ಕಾಲು ಹೋದದ್ದು ಅಂತ ಅದಕ್ಕೆ ಗೊತ್ತಿರಲಾರದು. ಗೊತ್ತಿದ್ದರೂ ಇರಬಹುದು.

ಈಗ ಮೇಲಿಂದ ಅವಳು ಕೆಮ್ಮಿದಳು. ಕಿವಿ ನಿಮಿರಿತು. ಮೆಟ್ಟಿಲು ನೋಡಿತು, ನನ್ನನ್ನು ನೋಡಿತು. ಮುಂಗಾಲು ಮೊದಲ ಮೆಟ್ಟಿಲಿಗೆ ಇಟ್ಟು ಅಲ್ಲೇ ನಿಂತಿದೆ, ಅಪ್ಪಣೆಗೆ ಕಾಯುವವರ ಹಾಗೆ.

ಹದಿನೇಳು ಮೆಟ್ಟಿಲು. ಎತ್ತಿದರೆ ನನ್ನ ಸೊಂಟದ ಗತಿ ಅಷ್ಟೇ. ಮೇಲೆ ಹೋದರೆ ಅದು ಅವಳ ಮಂಚದ ಹತ್ತಿರ ಓಡುತ್ತದೆ, ತಟ್ಟೆ ಖಾಲಿ ಮಾಡುತ್ತದೆ, ನಾನು ಬಾಗಿಲಲ್ಲಿ ನಿಂತು ನೋಡಬೇಕು. ಆಗುವುದಿಲ್ಲ, ನನ್ನ ಕೈಲಿ ಆಗುವುದೇ...

ಅಯ್ಯೋ, ಎರಡನೇ ಮೆಟ್ಟಿಲಿಗೂ ಕಾಲಿಟ್ಟಿತು. ಇಳಿ ಚೋಟ, ಇಳಿ. ಬಂದೆ. ನಾನೇ ಎತ್ತಿಕೊಂಡು ಅವಳ ಹತ್ತಿರ—