ಎತ್ತಿಕೊಳ್ಳದ ಕೂಸು

ತಸ್ಲೀಮ್,

ಇದನ್ನು ನಿನಗೆ ಕಳಿಸುವುದಿಲ್ಲ. ಆ ಧೈರ್ಯ ಇದ್ದಿದ್ದರೆ ಇವತ್ತು ಬ್ಯಾಡಗಿ ಬಸ್ ನಿಲ್ದಾಣದಲ್ಲೇ ಹೇಳಿಬಿಡುತ್ತಿದ್ದೆ.

ಕಾಲೇಜು ಮುಗಿದ ಮೇಲೆ ನಾನು ನಿನ್ನನ್ನು ನೋಡಿದ್ದು ಇದೇ ಮೊದಲು. ಪಕ್ಕದಲ್ಲಿ ನಿನ್ನ ಅತ್ತೆ, ತೋಳಲ್ಲಿ ಎಳೆಗೂಸು. "ಹಿಡಿ ಶೀಲಾ, ನನ್ನ ಮಗಳನ್ನ ಒಂದೀಟು ಎತ್ಕೋ" ಎಂದು ನೀನು ಕೂಸನ್ನು ಮುಂದೆ ಚಾಚಿದೆ. ನಾನು ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಬ್ಯಾಡ ಬಿಡವಾ, ಅವರು ನಮ್ಮ ಕೂಸಿನ್ನ ಮುಟ್ಟಂಗಿಲ್ಲ" ಅಂದರು ನಿನ್ನ ಅತ್ತೆ.

"ಹಂಗೇನಿಲ್ರಿ ಅತ್ತಿ. ಈಕಿ ಕಾಲೇಜಿದ್ದಾಗ ದಿನಾ ನಮ್ಮನ್ಯಾಗ ಉಂಡಾಕಿ" ಎಂದು ನೀನು ನನ್ನ ಮುಖ ನೋಡಿದೆ. ನಾನು ಬಸ್ಸು ಬರುವ ದಾರಿಯತ್ತ ತಿರುಗಿದೆ.

ನನ್ನ ಅಂಗೈ ಬೆವರುತ್ತದೆ, ತಸ್ಲೀಮ್. ಚಳಿಗಾಲದಲ್ಲೂ ನೀರು ತೊಟ್ಟಿಕ್ಕುತ್ತದೆ. ಅದೊಂದು ಕಾಯಿಲೆ, ನಾಚಿಕೆ ಪಡುವಂಥದ್ದಲ್ಲ ಎಂದು ರಾಣೆಬೆನ್ನೂರಿನ ಚರ್ಮದ ಡಾಕ್ಟರು ಹೇಳಿದ್ದಾರೆ. ಕಾಲೇಜಿನಲ್ಲಿ ಸದಾ ಕರವಸ್ತ್ರ ಹಿಡಿದು ನಿನ್ನಿಂದಲೂ ಮುಚ್ಚಿಟ್ಟಿದ್ದೆ. ಕೂಸು ಕೈಯಿಂದ ಜಾರೀತು ಎಂದು ಇವತ್ತು ಹೆದರಿದ್ದು ನಿಜ. ಆದರೆ ನಿನ್ನ ಅತ್ತೆ ಹಾಗಂದ ಮೇಲಾದರೂ ಅಂಗೈ ಬಿಚ್ಚಿ ತೋರಿಸಬಹುದಿತ್ತು. ಒದ್ದೆ ಕೈ ತೋರಿಸುವುದಕ್ಕಿಂತ, ಜಾತಿ ಧರ್ಮ ನೋಡುವವಳು ಅನ್ನಿಸಿಕೊಳ್ಳುವುದೇ ನನಗೆ ಸುಲಭವಾಯಿತು.

ಅಷ್ಟರಲ್ಲಿ ಕಾಗಿನೆಲೆಯ ಬಸ್ಸು ಬಂತು. ನೀನು ಕೂಸಿನ ತಲೆಗೆ ಸೆರಗು ಹೊದಿಸಿ, "ಬರ್ತೇನಿ ಶೀಲಾ" ಎಂದು ಹತ್ತಿದೆ. ತಿರುಗಿ ನೋಡಲಿಲ್ಲ.

ನಿನ್ನ ಮಗಳ ಹೆಸರೇನೆಂದು ನಾನು ಕೇಳಲೂ ಇಲ್ಲ.

ಶೀಲಾ