ಆರಿನ್‌ಗೆ ಒಂದು ಕಲ್ಲಿನ ಕುರ್ಚಿ

ಆಗಸ್ಟ್ 27, ಮಂಗಳವಾರ

ಮತ್ತೆ ಹೆದ್ದಾರಿಯ ರೆಸ್ಟ್ ಸ್ಟಾಪಿಗೆ ಹೋಗಿದ್ದೆ. ಸ್ಮಾರಕದ ಕಲ್ಲು ಬಂದಿದೆ. ಕೆತ್ತಿದ ಖಾಲಿ ಕುರ್ಚಿ, ಕೆಳಗೆ ಯುದ್ಧಕ್ಕೆ ಹೋದ ತಮ್ಮನ ಹೆಸರು — ಆರಿನ್ ಟಟ್ಲ್, ಲಾವೋಸ್, 1969, ಇನ್ನೂ ಮರಳಿಲ್ಲ. ಒಂದು ಕಡೆ ಶೌಚಾಲಯ, ಇನ್ನೊಂದು ಕಡೆ ಚಿಪ್ಸ್ ಯಂತ್ರ. ಲಾರಿಯವರು ಮೂತ್ರಕ್ಕೆ ಇಳಿದಾಗ ಓದಿಕೊಳ್ಳಲಿ.

ಕಾಣೆಯಾದ ಸೈನಿಕರ ದಿನಾಚರಣೆ ಸಮಿತಿಯ ಅಧ್ಯಕ್ಷ ಮರ್ಲ್ ಕುಣಿಯುವುದೊಂದು ಬಾಕಿ. ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನವನು. "ಮುಂದಿನ ತಿಂಗ್ಳು ಸಮಾರಂಭದಲ್ಲಿ ಮೈಕಲ್ಲಿ ನಾಲ್ಕು ಮಾತು ಆಡ್ಬೇಕು ನೀನು. ಅಳು ಬಂದ್ರೆ ತಡ್ಕೋಬೇಡ" ಎಂದ. ಕತ್ತೆ.

ಆಗಸ್ಟ್ 30, ಸಂಜೆ

ಸೈನ್ಯದಿಂದ ಫೋನು. ಮೆತ್ತಗಿನ ದನಿಯ ಅಧಿಕಾರಿ. "ಮೇಡಂ, ನಿಮ್ಮ ತಮ್ಮ ಸಿಕ್ಕಿದಾರೆ."

ಎರಡು ಹಲ್ಲು, ದವಡೆಯ ಚೂರು. ಡಿಎನ್‌ಎ ನನ್ನದಕ್ಕೆ ಹೊಂದಿತಂತೆ. ಯಾವಾಗ ಹೇಳಿದರೆ ಆವಾಗ ಕಳಿಸುತ್ತಾರೆ, ಧ್ವಜ ಹೊದಿಸಿ.

ಅಮ್ಮ ಸಾಯುವವರೆಗೂ ಅವನ ತಟ್ಟೆ ಇಡುತ್ತಿದ್ದಳು. ನಾನು ಸ್ಟವ್ ಆರಿಸಿ ಕೂತೆ. ಅಳು ಬರಲಿಲ್ಲ. ಆಮೇಲೆ ಬಂತು, ಸಿಟ್ಟಿನ ಜೊತೆ.

ಆಗಸ್ಟ್ 31

ಮರ್ಲ್‌ಗೆ ಹೇಳಿದೆ. ಮುಖ ಬಿಳಿಚಿಕೊಂಡಿತು. ಸಂತೋಷಕ್ಕಲ್ಲ.

"ಹಾಗಾದ್ರೆ ಅವ್ನು ಕಾಣೆಯಾದವ್ನಲ್ಲ" ಎಂದ. "ಕಲ್ಲು ಕೆತ್ತಿಸಿ ಆಗಿದೆ, ವರ್ನಾ. ರಾಜಧಾನಿಯಿಂದ ದೊಡ್ಡವ್ರು ಬರ್ತಾರೆ. ನಮ್ಮ ಕೌಂಟಿಗೆ ಇನ್ನೊಬ್ಬ ಕಾಣೆಯಾದವ್ನು ಇಲ್ಲ."

"ಒಬ್ಬನ್ನ ಹುಡುಕಿ ಕಳಿಸ್ಲಾ?"

"ಐವತ್ತು ವರ್ಷ ಕಾದಿದೀಯ. ಮೂರು ವಾರ ಬಾಯ್ಮುಚ್ಕೊಂಡಿರೋಕಾಗಲ್ವಾ?"

ಬೈದು ಬಂದೆ. ಆದರೂ ಅಧಿಕಾರಿಗೆ ಫೋನು ಮಾಡಿ, ಅಕ್ಟೋಬರಿನಲ್ಲಿ ಕಳಿಸಿ ಎಂದೆ.

ಸೆಪ್ಟೆಂಬರ್ 11

ನಿಜ ಬರೆದುಬಿಡುತ್ತೇನೆ. ಅಕ್ಟೋಬರ್ ಎಂದದ್ದು ಮರ್ಲ್‌ಗಾಗಿ ಅಲ್ಲ. ಪ್ರತಿ ವರ್ಷ ಆ ದಿನ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸುತ್ತಾರೆ, ಗಂಡಸರು ಟೋಪಿ ತೆಗೆಯುತ್ತಾರೆ. ಸಿಕ್ಕವನ ಅಕ್ಕನನ್ನು ಯಾರು ಕೇಳುತ್ತಾರೆ? ಇನ್ನೊಂದು ಸಲ ಕೂರೋಣ ಅನ್ನಿಸಿತು. ಅವನು ಮಾತ್ರ ಯಾವುದೋ ಪ್ರಯೋಗಾಲಯದ ಕಪಾಟಿನಲ್ಲಿ... ಥೂ.

ಸೆಪ್ಟೆಂಬರ್ 20, ಶುಕ್ರವಾರ

ಆಯಿತು. ಕಹಳೆ, ಧ್ವಜ, ದೊಡ್ಡವರ ಭಾಷಣ. "ನಾವಿನ್ನೂ ಕಾಯ್ತಾ ಇದೀವಿ" ಎಂದೆ ಮೈಕಿನಲ್ಲಿ. ದನಿ ನಡುಗಲೂ ಇಲ್ಲ. ಜನ ಅತ್ತರು. ಮರ್ಲ್ ಭುಜ ತಟ್ಟಿದ.

ಎಲ್ಲ ಮುಗಿದ ಮೇಲೆ ಒಬ್ಬಳು ಬಂದಳು. ಜೋನೆಲ್ ಅಂತೆ. ಬೆಳಗಿನಿಂದ ಕಾರು ಓಡಿಸಿಕೊಂಡು ಬಂದಿದ್ದಾಳೆ. ಕೈಯಲ್ಲಿ ಆರಿನ್‌ನ ಹೆಸರಿನ ಕಡಗ. ಯುದ್ಧದ ಕಾಲದಲ್ಲಿ ಶಾಲೆಯ ಹುಡುಗಿಯರೆಲ್ಲ ಒಬ್ಬೊಬ್ಬ ಸೈನಿಕನ ಹೆಸರಿನದು ತೊಡುತ್ತಿದ್ದರಲ್ಲ, ಕಾಣೆಯಾದವನು ಮನೆಗೆ ಬರುವವರೆಗೆ ತೆಗೆಯುವುದಿಲ್ಲ ಎಂದು ಆಣೆ ಇಟ್ಟು. ಉಳಿದವರು ಯಾವಾಗಲೋ ಬಿಸಾಡಿದರು. ಇವಳು ಬಿಸಾಡಿಲ್ಲ. ಕೈ ಊದಿ, ಕಡಗ ಮಾಂಸಕ್ಕೆ ಕಚ್ಚಿಕೊಂಡಿದೆ.

"ಸೋಮವಾರ ಆಪರೇಷನ್ನು. ಕಡಗ ತೆಗೀಲೇಬೇಕು ಅಂತಾರೆ ಡಾಕ್ಟ್ರು. ಆಗಲ್ಲ, ಡೇಟು ಮುಂದಕ್ಕೆ ಹಾಕಿ ಅಂದೆ" ಎಂದಳು. "ನೀವು ಕಾಯ್ತಿಲ್ವಾ? ನಂದೇನು ದೊಡ್ಡದು."

"ತೆಗೀರಿ. ಅವ್ನು ಸಿಕ್ಕಿದಾನೆ."

"ಯಾವಾಗ?"

"ಹೋದ ತಿಂಗಳು."

ಅವಳು ಮೈಕಿನ ಕಡೆ ತಿರುಗಿ ನೋಡಿದಳು. "ಈಗ ತಾನೇ ಮೈಕಲ್ಲಿ... ನಾನು ಅಲ್ಲಿ ನಿಂತ್ಕೊಂಡು ಅತ್ತೆ ಕಣ್ರೀ."

ಶೌಚಾಲಯಕ್ಕೆ ಕರೆದೊಯ್ದೆ. ಸಿಂಕಿನ ಮುಂದೆ ಅವಳ ಕೈಗೆ ಸೋಪು ತಿಕ್ಕಿದೆ. ಹಲ್ಲು ಕಚ್ಚಿಕೊಂಡಿದ್ದಳು. ಬಂತು ಕೊನೆಗೂ. ಚರ್ಮದ ಮೇಲೆ ಹಸಿರು ಗೆರೆ. ಹೆಸರಿನವನು ಸಿಕ್ಕರೆ ಕಡಗವನ್ನು ಮನೆಯವರ ಕೈಗೆ ಕೊಡುವುದು ಪದ್ಧತಿ. ಕೈ ಚಾಚಿದೆ.

ತೊಳೆದಳು, ಒರೆಸಿದಳು, ತನ್ನ ಚೀಲಕ್ಕೆ ಹಾಕಿಕೊಂಡಳು.

"ಅವ್ರ ಮನೆಯವ್ರಿಗೆ ಕೊಡ್ಬೇಕು ಅಂತಿದ್ದೆ" ಎಂದಳು. ಹೋದಳು.

ಅವನ ಮನೆಯವರೆಂದರೆ ನಾನೇ ಎಂದು ಕೂಗಬೇಕಿತ್ತು. ಸೋಪಿನ ಕೈ ತೊಳೆದುಕೊಂಡೆ.